ಮನೆ ಹೆಸರು ಹೇಳಬ್ಯಾಡ

ನಾನು ಅದುವರೆಗೆ ಬರೆದಿದ್ದ ಹಾಡುಗಳಿಂದ ಯಾರಿಗೂ ಕೆಡುಕಾಗಿರಲಿಲ್ಲ. ಒಳ್ಳೆಯದೂ ಆಗಿರಲಿಲ್ಲ ಅನ್ನಿ. ಶಿಡ್ಲಘಟ್ಟದ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವ ನಾನು ಹಾಡು ಕಟ್ಟುತ್ತಿದ್ದದ್ದು ಜಾಥಾಗಳಿಗೆ. ಮತ ಹಾಕಿ, ಸೊಳ್ಳೆ ಓಡಿಸಿ, ಹಸಿ ಕಸ ಒಣ ಕಸ ಬೇರೆ ಮಾಡಿ. ಮಕ್ಕಳು ಬಿಸಿಲಲ್ಲಿ ಸಾಲಾಗಿ ನಡೆಯುತ್ತಾ ಅದನ್ನು ಕೂಗುತ್ತಿದ್ದರು. ಮಾರನೇ ದಿನ ಅದೇ ಬೀದಿಯಲ್ಲಿ ಎರಡೂ ಕಸ ಅನ್ಯೋನ್ಯವಾಗಿ ಬಿದ್ದಿರುತ್ತಿದ್ದವು. ಐವತ್ತು ಹತ್ತಿರ ಬಂದಾಗ, ಒಂದಾದರೂ ನಿಜವಾದ ಹಾಡು ಬರೆಯಬೇಕು ಅನ್ನಿಸಿತು. ಹಾಗೆ ಅನ್ನಿಸಿದ ದಿನವೇ ಹೋಗಿ ಬಿಪಿ ತೋರಿಸಿಕೊಂಡು ಬಂದಿದ್ದರೆ ಸರಿಹೋಗುತ್ತಿತ್ತೇನೋ.

ಸಾದಲಿಯ ಕಡೆ ಒಂದು ಹಳ್ಳಿಯಲ್ಲಿ ನನ್ನ ಸೋದರತ್ತೆ ಇದ್ದಾರೆ. ಮದುವೆಯಾಗಿ ಆ ಮನೆಗೆ ಹೋದಂದಿನಿಂದ ರೇಷ್ಮೆ ಹುಳ ಸಾಕುತ್ತಿದ್ದಾರೆ. ಮನೆಯ ಹಿಂದೆ ಹುಳದ ಮನೆ, ಅದರ ಹಿಂದೆ ಸೊಪ್ಪಿನ ತೋಟ. ಹುಳಕ್ಕೆ ಸೊಪ್ಪು ಹಾಕುವಾಗ ಅತ್ತೆ ಒಂದು ಹಾಡು ಹೇಳುತ್ತಾರೆ. ಹುಳವನ್ನು ಹೆಣ್ಣುಮಗುವೆಂದು ಕರೆಯುವ ಹಾಡು ಅದು. ಮಗು ಮನೆಗೆ ಬಂತು, ಸೊಪ್ಪು ತಿಂತು. ಪೊರೆ ಕಳಚುವ ಮೊದಲು ಹುಳ ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಕೂರುತ್ತದಲ್ಲ, ಅದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಮಗುವಿಗೆ ಜ್ವರ ಬಂತು, ಬಿಟ್ಟಿತು. ಕೊನೆಗೆ ಬೆಳೆದ ಮಗಳು ಚಂದ್ರಿಕೆ ಎಂಬ ಬಿದಿರಿನ ತಟ್ಟೆಯೇರಿ ತನ್ನ ಸುತ್ತ ತಾನೇ ಗೂಡು ಕಟ್ಟಿಕೊಂಡಳು. ಹುಳ ಮನೆಯಲ್ಲಿ ಇರುವಷ್ಟು ದಿನ ಹಾಡು ಅಲ್ಲಿಗೆ ನಿಲ್ಲುತ್ತದೆ.

ಇನ್ನೊಂದು ಪದ್ಯ ಇದೆ. ಅದನ್ನು ಹಾಡುವುದು ಖಾಲಿ ದಿನ ಮಾತ್ರ. ಗೂಡು ತುಂಬಿದ ಗಾಡಿ ಮಾರ್ಕೆಟ್ಟಿನ ಕಡೆ ಹೊರಟು, ಚಂದ್ರಿಕೆಗಳನ್ನೆಲ್ಲ ಹೊರಗೆ ಗೋಡೆಗೆ ಒರಗಿಸಿದ ಮೇಲೆ, ಅತ್ತೆ ಖಾಲಿ ಹುಳದ ಮನೆಯ ಹೊಸಿಲ ಮೇಲೆ ಕೂತು ಅದನ್ನು ಒಂದೇ ಒಂದು ಸಲ ಹಾಡುತ್ತಾರೆ. ಹಾಡಿ ಎದ್ದು, ‘ಪೊರಕೆ ತಗೊಂಬಾ’ ಅನ್ನುತ್ತಾರೆ ಸೊಸೆಗೆ.

*ಕಾದ ನೀರಿಗೆ ಹೋಗ್ತೀಯ ಕಂದ, ಕಣ್ಣ ಮುಚ್ಚಿಕೊ
ಉಟ್ಟೋರ್ಯಾರೋ ಉಡಿಸ್ದೋರ್ಯಾರೋ, ನಾವು ಕಾಣೆವು
ಮ್ಯಾಲೆ ಕೂತು ಕೇಳ್ತಾನೆ ಸ್ವಾಮಿ, ಯಾರು ಸಾಕಿದೋರು
ಊರ ಹೆಸರು ಹೇಳು ಕಂದ, ಮನೆ ಹೆಸರು ಹೇಳಬ್ಯಾಡ*

ಎರಡು ವರ್ಷದ ಹಿಂದೆ ಅಂಥದೊಂದು ಖಾಲಿ ದಿನ ನಾನು ಅಲ್ಲಿದ್ದೆ. ಫೋನು ತೆಗೆದು ಪದ್ಯವನ್ನು ಅದರಲ್ಲಿ ಹಿಡಿದುಕೊಂಡೆ. ಅತ್ತೆ ನೋಡಿದರು.

“ಹಿಡ್ಕೊಂಡ್ಯೇನಪ್ಪಾ? ಹುಳ ಇರೋ ಮನೇಲಿ ಹಾಕ್ಬೇಡ ಮತ್ತೆ.”

“ಛೆ ಛೆ, ಇಲ್ಲ ಅತ್ತೆ,” ಅಂದೆ.

ಆ ಧಾಟಿಗೆ ನಾಲ್ಕು ಪದ್ಯ ನಾನೇ ಬರೆದೆ. ಕೊನೆಗೆ ಅತ್ತೆಯ ಪದ್ಯವನ್ನು ಅವರ ದನಿಯಲ್ಲೇ ಇಟ್ಟೆ. ಎರಡು ವರ್ಷ ಹಿಡಿಯಿತು. ಅದನ್ನು ಹಿಡಿದುಕೊಂಡು ಚಿಕ್ಕಬಳ್ಳಾಪುರದ ಒಂದು ಸ್ಟುಡಿಯೋಗೆ ಹೋದೆ. ಮೊದಲು ಮದುವೆ ವಿಡಿಯೋ ಮಾಡುತ್ತಿದ್ದವನು, ಈಗ ಹಾಡು ಮಾಡಿ ತನ್ನ ಚಾನೆಲ್ಲಿಗೆ ಹಾಕುತ್ತಾನೆ. ಮೂವತ್ತರ ಆಸುಪಾಸು. ಕಣ್ಣು ಮುಚ್ಚಿ ಪೂರ್ತಿ ಕೇಳಿದ. ನಾನು ಅವನ ಮುಖ ನೋಡುತ್ತಾ, ಬಾಗಿಲು ಎಷ್ಟು ಹೆಜ್ಜೆ ದೂರ ಇದೆ ಅಂತ ಅಂದಾಜು ಮಾಡುತ್ತಿದ್ದೆ.

“ಸಾರ್, ಬೇಜಾರ್ ಮಾಡ್ಕೋಬಾರ್ದು.”

“ಇಲ್ಲಪ್ಪ, ಹೇಳು,” ಅಂದೆ, ಆಗಲೇ ಬೇಜಾರು ಮಾಡಿಕೊಂಡು.

“ನಿಮ್ಮ ಪದ್ಯಗಳು ಚೆನ್ನಾಗವೆ. ಮೂರನೇದು ಮಾತ್ರ ಸ್ವಲ್ಪ ಜಾಥಾ ಥರ ಐತೆ.”

ಇದು ಅವನಿಗೆ ಹೇಗೆ ಗೊತ್ತಾಯಿತೋ ದೇವರೇ ಬಲ್ಲ.

“ಆದ್ರೆ ಜನ ಕೊನೇಗಂಟ ಬರಲ್ಲ ಸಾರ್. ಮೊದಲ ಹತ್ತು ಸೆಕೆಂಡಲ್ಲಿ ಹಿಡೀಬೇಕು, ಇಲ್ಲಾಂದ್ರೆ ಬೆರಳಲ್ಲಿ ಹಿಂಗೆ ತಳ್ಳಿ ಹೋಗ್ತಾರೆ. ಅಜ್ಜಿ ಪದ್ಯ ಮೊದ್ಲಿಗೆ ತನ್ನಿ. ಮ್ಯೂಸಿಕ್ ಬೇಡ, ಏನೂ ಬೇಡ. ಬರೀ ಆ ದನಿ. ಆಮೇಲೆ ನಿಮ್ದು.”

“ಅದು ಕೊನೇಲೇ ಬರ್ಬೇಕು ಕಣಪ್ಪ. ಹುಳ ಇರೋವಾಗ ಅದನ್ನ ಹಾಡಲ್ಲ. ನಿಂಗೆ ಗೊತ್ತಾಗಲ್ಲ.”

“ನಂಗಾ?” ಅವನು ನಕ್ಕ. “ನಾನು ಶಿಡ್ಲಘಟ್ಟದವನೇ ಸಾರ್. ನಮ್ಮ ಅಬ್ಬಾ ಜೀವಮಾನ ಪೂರ್ತಿ ಬಿಸಿನೀರಲ್ಲಿ ಗೂಡು ಬೇಯ್ಸಿ ನೂಲು ತೆಗೆದೋರು. ಅವರ ಬೆರಳು ಯಾವಾಗ್ಲೂ ಬೆಳ್ಳಗೆ ಸುಕ್ಕಾಗಿರೋವು. ಹಬ್ಬದ ದಿನ ನಮ್ಮ ತಲೆ ಮೇಲೆ ಕೈ ಇಟ್ರೂ ಗೂಡಿನ ವಾಸ್ನೆ. ಆ ಪದ್ಯ ಕೇಳ್ದಾಗ ಕುರ್ಚೀಲಿ ಸುಮ್ನೆ ಕೂರಕ್ಕಾಗ್ಲಿಲ್ಲ ನಂಗೆ. ಅದಕ್ಕೇ ಮೊದ್ಲು ಬರ್ಲಿ ಅಂತಿರೋದು.”

ಕೆಟ್ಟ ಸಲಹೆಯನ್ನು ತಳ್ಳಿಹಾಕುವುದು ಸುಲಭ. ಅವನದು ಕೆಟ್ಟ ಸಲಹೆಯಾಗಿರಲಿಲ್ಲ. ಮನೆಗೆ ಬಂದು ಎಷ್ಟೋ ದಿನ ಹಾಡನ್ನು ತಿದ್ದಿದೆ. ಅತ್ತೆಯ ಪದ್ಯದ ಬದಲು ನನ್ನ ಮೊದಲ ಪದ್ಯವನ್ನೇ ಚುರುಕು ಮಾಡಿ ನೋಡಿದೆ. ಅದು ಸೊಳ್ಳೆ ಓಡಿಸುವ ಹಾಡಿನ ದಾಯಾದಿಯಂತೆ ಕೇಳಿಸಿತು. ಅತ್ತೆಯ ಪದ್ಯವನ್ನು ನಡುವೆ ಇಟ್ಟೆ. ಅದರ ಮುಂದೆ ನಿಲ್ಲಲಾರದೆ ಅಕ್ಕಪಕ್ಕದ ನನ್ನ ಸಾಲುಗಳು ತಲೆತಗ್ಗಿಸಿದವು. ಮೊದಲಿಗೆ ಇಟ್ಟ ದಿನ ಮೈ ಜುಮ್ಮೆಂದಿತು. ಹಾಡು ಅದೇ, ಆದರೆ ಈಗ ನನ್ನ ಪುಟ್ಟ ಪುಟ್ಟ ಪದ್ಯಗಳೆಲ್ಲ ಸಾಯಲಿರುವ ಮಗುವಿನ ಆಟಗಳಾದವು. ಅವನು ಹೇಳಿದ್ದು ಸರಿ ಅನ್ನುವುದೇ ನನ್ನ ಸಂಕಟವಾಯಿತು.

ಒಪ್ಪಿಕೊಂಡೆ. ಆದರೆ ಸುಮ್ಮನೆ ಒಪ್ಪಿದರೆ ನನ್ನ ಆತ್ಮಸಾಕ್ಷಿ ಕೇಳಬೇಕಲ್ಲ. ಎರಡು ಷರತ್ತು ಹಾಕಿದೆ. ಒಂದು, ಅತ್ತೆಯ ಮನೆಯ ಈ ಬೆಳೆ ಮುಗಿದು ಹುಳದ ಮನೆ ಖಾಲಿಯಾಗುವವರೆಗೆ ಹಾಡು ಹೊರಗೆ ಬರಬಾರದು. ಎರಡನೆಯದನ್ನು ಹೇಳುವಾಗ ನನ್ನ ದನಿ ತಾನಾಗಿ ಭಾಷಣದ ಶ್ರುತಿಗೆ ಏರಿತ್ತು. ‘ಜಾನಪದ’ ಅಂತ ಒಂದು ಪದ ಹಾಕಿ ಎಷ್ಟು ಹೆಂಗಸರ ಹೆಸರು ನುಂಗಿ ನೀರು ಕುಡಿದಿದ್ದೇವೆ ನಾವು, ಅತ್ತೆಯ ಹೆಸರು ದೊಡ್ಡಕ್ಷರದಲ್ಲಿ ಬರಬೇಕು ಅಂದೆ.

“ಖಂಡಿತ ಸಾರ್. ಬರ್ಕೊಡಿ,” ಅಂದ.

ಅತ್ತೆಯ ಊರಲ್ಲಿ ಅದೇ ಹೆಸರಿನ ಹೆಂಗಸರು ಮೂವರಿದ್ದಾರೆ. ಗಣಿತದ ಮೇಷ್ಟ್ರು, ಉತ್ತರ ಒಂದೇ ಬರಬೇಕು. ಕಪ್ಪುಹಲಗೆಯ ಮೇಲೆ ಬರೆಯುವಷ್ಟು ದುಂಡಗೆ, ಅತ್ತೆಯ ಹೆಸರು, ಅವರ ಮನೆತನದ ಹೆಸರು, ಊರು, ಎಲ್ಲ ಬರೆದುಕೊಟ್ಟೆ.

ಹೆಂಡತಿ ಕೇಳಿದಳು: “ಅತ್ತೆಯೋರ್ನ ಒಂದ್ಮಾತು ಕೇಳಿದ್ರಾ?”

“ಬೆಳೆ ಮುಗೀಲಿ, ಕೇಳ್ತೀನಿ.”

“ಹಾಡು ಬಂದ್ಮೇಲೆ?”

“ಅವರು ಹಾಡಿದ್ದು ಖಾಲಿ ದಿನಾನೇ ಕಣೇ. ಕಟ್ಟುಪಾಡು ಎಲ್ಲಿ ಮುರೀತು?”

ಅವಳು ಒಳಗೆ ಹೋದಳು. ಗ್ಯಾಸ್ ಆಫ್ ಮಾಡಿದೆನೇ ಅಂತ ಬಸ್‌ಸ್ಟ್ಯಾಂಡಿನಿಂದ ವಾಪಸು ಬರುವ ನಾನು, ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಅದೇ ಅಪಶಕುನ ಅಂತ ಆಗ ಹೊಳೆಯಲಿಲ್ಲ.

ಅತ್ತೆಯ ಮನೆಯಲ್ಲಿ ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದವು. ಇನ್ನೊಂದು ವಾರ ಅವು ಹಗಲಿರುಳೂ ತಿನ್ನುವ ಕಾಲ. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚುತ್ತಿದ್ದೆ. ಪಕ್ಕದ ಮೇಜಿನಲ್ಲಿ ಯಾರದೋ ಫೋನಿನಿಂದ ಅತ್ತೆ ಹಾಡತೊಡಗಿದರು. *ಕಾದ ನೀರಿಗೆ ಹೋಗ್ತೀಯ ಕಂದ.* ಮುಗಿದ ಮೇಲೆ ಯಾರೋ, “ಇನ್ನೊಂದ್ಸಲ ಹಾಕಿ,” ಅಂದರು.

ಹೊರಗೆ ಬಂದು ಸ್ಟುಡಿಯೋದವನಿಗೆ ಫೋನ್ ಮಾಡಿದೆ.

“ಹಾಡಲ್ಲ ಸಾರ್ ಅದು, ಟೀಸರು! ಬರೀ ಅಜ್ಜಿ ಪದ್ಯ ಬಿಟ್ಟಿದೀನಿ. ಹಾಡು ನೀವು ಹೇಳಿದ ದಿನಾನೇ ಬರೋದು. ಜನ ಹೆಂಗೆ ಶೇರ್ ಮಾಡ್ತಾವ್ರೆ ನೋಡಿ ಸಾರ್.”

ಅರ್ಧ ದಿನ ರಜೆ ಬರೆದು ಸ್ಕೂಟರ್ ಹತ್ತಿದೆ. ಅತ್ತೆಯ ಕಿವಿಗೆ ಬೀಳುವ ಮೊದಲು ನಾನು ತಲುಪಬೇಕು ಅನ್ನುವುದು ನನ್ನ ಲೆಕ್ಕ. ದಾರಿಯಲ್ಲಿ ಒಂದು ಟೀ ಅಂಗಡಿಯ ಮುಂದೆ ವೇಗ ತಗ್ಗಿಸಿದಾಗ ಅಲ್ಲೂ ಅದೇ ದನಿ. ಸುತ್ತ ನಿಂತವರ ಮುಖ ನೋಡಿದೆ. ಯಾರೂ ಟೀ ಕುಡಿಯುತ್ತಿರಲಿಲ್ಲ. ಒಂದು ಕ್ಷಣ, ಒಂದೇ ಒಂದು ಕ್ಷಣ, ಹೆಮ್ಮೆಯಾಯಿತು. ಆಮೇಲೆ ರಸ್ತೆಯ ಎರಡೂ ಬದಿ ಸೊಪ್ಪಿನ ತೋಟಗಳೇ ಬಂದವು, ಪ್ರತಿ ತೋಟದ ಹಿಂದೆ ಒಂದೊಂದು ಹುಳದ ಮನೆ. ಯಾವುದರಲ್ಲಿ ಹುಳ ಇದೆ, ಯಾವುದು ಖಾಲಿ, ಹೊರಗಿನಿಂದ ಹೇಗೆ ಹೇಳುವುದು? ನನ್ನ ಮೊದಲ ಷರತ್ತು ಎಂಥ ದಡ್ಡತನದ್ದೆಂದು ಆಗ ಕಂಡಿತು. ಈ ತಾಲ್ಲೂಕಿನಲ್ಲಿ ಖಾಲಿ ದಿನ ಅನ್ನುವುದೇ ಇಲ್ಲ. ಒಬ್ಬರ ಮನೆ ಖಾಲಿಯಾದಾಗ ಇನ್ನೊಬ್ಬರ ಮನೆಯಲ್ಲಿ ಹುಳ ಮೇಯುತ್ತಿರುತ್ತದೆ.

ಅತ್ತೆ ಹುಳದ ಮನೆಯ ಹೊರಗೆ ಗೋಡೆಗೆ ಒರಗಿ ನಿಂತಿದ್ದರು. ಒಳಗೆ ಹುಳ ಸೊಪ್ಪು ತಿನ್ನುವ ಸದ್ದು, ಪಕ್ಕದ ಕೋಣೆಯಲ್ಲಿ ಯಾರೋ ಬಿಡುವಿಲ್ಲದೆ ಹಳೇ ಪೇಪರು ಮಡಚುತ್ತಿರುವ ಹಾಗೆ. ಸೊಸೆ ನನ್ನನ್ನು ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದಳು.

“ಬಾಪ್ಪ,” ಅಂದರು ಅತ್ತೆ. “ಇವಳ ಫೋನಲ್ಲಿ ನಾನು ಹಾಡ್ದೆ.”

“ಅತ್ತೆ, ಅದು...”

“ನಾನು ಸೊಪ್ಪು ಹಾಕ್ತಾ ಇದ್ದೆ. ಬಾಯಿ ಮುಚ್ಕೊಂಡಿದ್ದೆ. ಆ ಮೂಲೇಲಿ ನನ್ ಗಂಟ್ಲು ಹಾಡ್ತಾ ಐತೆ. ಇದೇನಮ್ಮಾ, ನಾನೇನಾದ್ರೂ ಸತ್ತೋಗಿದೀನಾ ಅಂತ ಕೈ ನೋಡ್ಕೊಂಡೆ.”

“ನೀವು ಹಾಡಿದ್ದು ಖಾಲಿ ದಿನಾನೇ ಅಲ್ವಾ ಅತ್ತೆ.”

“ಹುಳಕ್ಕೆ ಕಿವಿ ಇಲ್ಲ ಕಣಪ್ಪ, ಅಷ್ಟು ನಂಗೂ ಗೊತ್ತು. ಅದು ಬಿಡು. ಕೆಳಗೆ ಏನೋ ಬರೆದೈತಂತೆ. ಇವಳು ಓದಲ್ಲ ಅಂತಾಳೆ. ನೀನು ಓದು.”

ಸೊಸೆ ಫೋನು ಕೊಟ್ಟಳು. ಹೆಸರು ನೋಡಿ ಅತ್ತೆಗೆ ಸ್ವಲ್ಪ ಸಮಾಧಾನವಾಗಬಹುದು ಅಂತ ನಾನು, ನಾಚಿಕೆ ಬಿಟ್ಟು ಹೇಳುತ್ತೇನೆ, ಉತ್ಸಾಹದಿಂದಲೇ ಓದಲು ಶುರುಮಾಡಿದೆ. ಅತ್ತೆಯ ಹೆಸರು ಓದಿದೆ. ಮನೆತನದ ಹೆಸರು ಅರ್ಧ ಬಾಯಲ್ಲಿರುವಾಗ ನಾಲಿಗೆ ನಿಂತಿತು. ಅದರ ಮೇಲೆಯೇ, ದಪ್ಪ ಅಕ್ಷರದಲ್ಲಿ, ಪದ್ಯದ ಕೊನೆಯ ಸಾಲನ್ನೂ ಹಾಕಿದ್ದರು.

“ಪೂರ್ತಿ ಓದು.”

ಓದಿದೆ. ಊರನ್ನೂ ಓದಿದೆ.

“ಮನೆ ಹೆಸರು ಯಾರು ಹಾಕ್ಸಿದ್ದು? ಆ ವಿಡಿಯೋದವನಾ?”

ಹೌದು ಅನ್ನಬಹುದಿತ್ತು. ಅನ್ನಲು ಬಾಯಿ ತೆರೆದೂ ಇದ್ದೆ. “ಇಲ್ಲ ಅತ್ತೆ. ನಾನೇ.”

ಅತ್ತೆ ಬೈಯಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡರು, ಒದ್ದೆಯಿರಲಿಲ್ಲ. “ನಮ್ಮತ್ತೆ ಹಾಡ್ತಿದ್ರು. ಅವರತ್ತೇನೂ ಹಾಡ್ತಿದ್ರಂತೆ. ಈ ಬಾಗಿಲಿಂದ ಎಷ್ಟು ಹೋದ್ವೋ, ಎಷ್ಟು ಬೆಂದ್ವೋ. ಬೇಡ್ಕೊಂಡು ಕಳಿಸಿದೀವಿ, ಒಂದಾದ್ರೂ ಹೇಳಿರಲ್ಲ. ನೀನು ಓದ್ಕೊಂಡೋನು. ನೀನು ಹೇಳ್ಬಿಟ್ಟೆ ನೋಡು.”

ಅಲ್ಲಿಂದಲೇ ಸ್ಟುಡಿಯೋದವನಿಗೆ ಫೋನ್ ಮಾಡಿದೆ. ಅವನು ವಾದ ಮಾಡಲಿಲ್ಲ. “ಈಗಲೇ ತೆಗೀತೀನಿ ಸಾರ್. ತಪ್ಪಾಯ್ತು ಅಂತ ಅಜ್ಜಿಗೆ ಹೇಳಿ. ಆದ್ರೆ ಈಗಾಗ್ಲೇ ಇಳಿಸ್ಕೊಂಡು ಸ್ಟೇಟಸ್ ಹಾಕ್ಕೊಂಡಿರೋರ್ದು ನನ್ ಕೈಲಿಲ್ಲ ಸಾರ್.” ಹಾಡು ಏನು ಮಾಡೋಣ ಅಂದ. ಬೇಡ ಅಂದೆ. ಬರೀ ನಿಮ್ಮ ಪದ್ಯ ಹಾಕೋಣವಾ ಅಂದ. ಅದನ್ನು ನಾವಿಬ್ಬರೂ ಕೇಳಿದ್ದೆವು. ಇಬ್ಬರಿಗೂ ಉತ್ತರ ಗೊತ್ತಿತ್ತು.

ಆಮೇಲಿನ ದಿನಗಳಲ್ಲಿ ನಾನು ಬೆಳಿಗ್ಗೆ ಒಂದು, ಸಂಜೆ ಒಂದು ಫೋನ್ ಮಾಡಿ ಹುಳದ ಸುದ್ದಿ ಕೇಳಿದೆ. ಹುಳಕ್ಕೆ ಸಪ್ಪೆ ರೋಗ ಬರುತ್ತದೆ, ಸುಣ್ಣಕಟ್ಟು ರೋಗ ಬರುತ್ತದೆ ಅಂತ ಕಾದೆ. ಏನೂ ಬರಲಿಲ್ಲ. ಹುಳ ಚೆನ್ನಾಗಿ ಮೇಯ್ದವು, ಹೇಳಿದ ದಿನಕ್ಕೆ ಗೂಡು ಕಟ್ಟುವಷ್ಟು ಬಲಿತು ಹಣ್ಣಾದವು, ಚಂದ್ರಿಕೆ ಏರಿದವು. ಗೂಡು ಗಟ್ಟಿಯಾಗಿತ್ತು. ಬೆಳೆ ಕೆಟ್ಟಿದ್ದರೆ ನನಗೆ ಬೈಗುಳವಾದರೂ ಸಿಗುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಏನೂ ಆಗದೆ ಇದ್ದದ್ದು ನನ್ನನ್ನು ಹೆಚ್ಚು ಹೆದರಿಸಿತು.

ಖಾಲಿ ದಿನ ಹೋದೆ. ಗಾಡಿ ಹೊರಟಿತು. ಚಂದ್ರಿಕೆಗಳು ಗೋಡೆಗೆ ಒರಗಿದವು. ಅತ್ತೆ ಹೊಸಿಲವರೆಗೆ ಬಂದರು, ಕೂರಲಿಲ್ಲ. ಒಳಗೆ ನೋಡುತ್ತಾ ನಿಂತರು. ನಾನೂ ಸೊಸೆಯೂ ಕಾದೆವು.

“ಹಾಡಲ್ವಾ ಅತ್ತೆ?” ಅಂದಳು ಸೊಸೆ ಮೆಲ್ಲಗೆ.

“ಏನಂತ ಹಾಡ್ಲಮ್ಮ? ಹೇಳಬ್ಯಾಡ ಅಂತಾನಾ?” ಅವಳ ಕೈಯಿಂದ ಪೊರಕೆ ತೆಗೆದುಕೊಂಡು ತಾವೇ ಗುಡಿಸಲು ಒಳಗೆ ಹೋದರು.

ಈಗ ಹೊಸ ಹುಳ ಬಂದಿದೆ. ಸೊಸೆ ಮೊನ್ನೆ ಫೋನಿನಲ್ಲಿ ಹೇಳಿದಳು, ಅತ್ತೆ ಸೊಪ್ಪು ಹಾಕುವಾಗ ಈಗ ಯಾವ ಪದ್ಯವನ್ನೂ ಹಾಡುವುದಿಲ್ಲವಂತೆ, ಬರೀ ಹಾಕಿ ಬಂದು ಕೂರುತ್ತಾರಂತೆ. ಹೋದ ವಾರ ಯಾರೋ ಒಬ್ಬ ಚಿಂತಾಮಣಿ ಕಡೆಯಿಂದ ಬೈಕಿನಲ್ಲಿ ಬಂದು, ಫೋನು ಕೈಯಲ್ಲಿ ಹಿಡಿದು, ಆ ಹಾಡಿನ ಅಜ್ಜಿಯ ಮನೆ ಯಾವುದು ಅಂತ ಬೀದಿಯಲ್ಲಿ ವಿಚಾರಿಸಿದನಂತೆ. ಮನೆತನದ ಹೆಸರು ಹಿಡಿದೇ ಕೇಳಿದನಂತೆ. ಅತ್ತೆ ತಮ್ಮ ಜಗಲಿಯ ಮೇಲೆ, ತಮ್ಮ ಬಾಗಿಲ ಮುಂದೆಯೇ ಕೂತಿದ್ದರು.

“ಅತ್ತೆ ಏನಂದ್ರು?” ಕೇಳಿದೆ.

“ಆ ಮನೆ ಈ ಊರಲ್ಲಿಲ್ಲಪ್ಪ ಅಂದ್ರು,” ಅಂದಳು.