ದೊಡ್ಡವ್ವನ ರಕ್ತಕ್ಕೂ ಗಿರಣಿಯ ನಿಯಮ

ಸಮಸ್ತ ಗೆಳೆಯರ ಗಮನಕ್ಕೆ! ಇಂದು ಜಮಖಂಡಿಯ ಆಸ್ಪತ್ರೆಯೊಂದರಲ್ಲಿ ನಮ್ಮ ದೊಡ್ಡವ್ವ ವಿಜ್ಞಾನವನ್ನೇ ವಿಚಾರಣೆಗೆ ನಿಲ್ಲಿಸಿದಳು.

ಹೋದ ವರ್ಷ ಆಕೆಗೆ ಸ್ತನ ಕ್ಯಾನ್ಸರಿನ ಆಪರೇಷನ್ ಆಗಿತ್ತು. ರಕ್ತದಲ್ಲಿ ಇನ್ನೂ ಕ್ಯಾನ್ಸರ್ ಕೋಶಗಳು ಅಲೆಯುತ್ತಿವೆಯೇ ಎಂದು ಹುಡುಕಲು ಸಂಶೋಧಕಿಯೊಬ್ಬಳು ಬಂದಿದ್ದಳು. ಪುಟ್ಟ ಗಾಜಿನ ಚಿಪ್ ತೋರಿಸಿ, "ಇದರಾಗ ಕೂದಲಿನಂಥ ಕಾಲುವೆ ಅದಾವ್ರೀ. ಒಳಗ ಪ್ರತಿಕಾಯ ಹಚ್ಚೇವಿ. ರಕ್ತ ಹರದು ಹೋಗತೈತಿ, ಕ್ಯಾನ್ಸರ್ ಕೋಶ ಅಷ್ಟ ಅಂಟಿಕೊಂಡು ನಿಲ್ಲತಾವು" ಎಂದಳು.

ರಕ್ತ ಕೊಡಲು ಚಾಚಿದ್ದ ಕೈಯನ್ನು ದೊಡ್ಡವ್ವ ಸೆರಗಿನೊಳಗೆ ಎಳೆದುಕೊಂಡಳು. "ನನಗಿಂತ ಮೊದಲ ಇದರಾಗ ಯಾರದ ಹಾಕಿದ್ರಿ?"

ಸಂಶೋಧಕಿ ಕೈಯಲ್ಲಿದ್ದ ಚಿಪ್ ತಿರುಗಿಸಿ ನೋಡಿದಳು. ನಾನು ಗಾಂಭೀರ್ಯದಿಂದ ವಿವರಿಸಿದೆ: "ಮೇಡಂ, ಇದು ಗಿರಣಿ ಪ್ರಶ್ನೆ ರೀ. ಮೊದಲಿನವರ ಗೋದಿ ಒಳಗ ಉಳದಿದ್ರ ಈಕಿ ತನ್ನ ಜೋಳ ಹಾಕಂಗಿಲ್ಲ."

"ನೀ ಸುಮ್ಮಿರಲೇ! ಮಂದೀದು ಅಂಟಿದ್ದು ನನ್ನ ಹೆಸರಿಗೆ ಬಂದ್ರ? ಮತ್ತ ಆ ಇಂಜೆಕ್ಷನ್, ಮತ್ತ ಕೂದಲಾ ಹೋಗೂದು. ನನ್ನ ಕೈಲೆ ಆಗೂದಿಲ್ಲ" ಎಂದಳು ದೊಡ್ಡವ್ವ.

"ಒಬ್ಬೊಬ್ಬರಿಗೆ ಒಂದೊಂದು ಹೊಸಾದ್ರೀ ಅವ್ವಾರ. ಇದು ಬರೇ ತೋರಸಾಕ ತಂದದ್ದು" ಎನ್ನುತ್ತ ಸಂಶೋಧಕಿ ಮುಚ್ಚಿದ್ದ ಹೊಸ ಪೊಟ್ಟಣವನ್ನು ಎದುರಿಗೇ ಹರಿದಳು.

ದೊಡ್ಡವ್ವ ಬಗ್ಗಿ ಪರೀಕ್ಷಿಸಿದಳು. ಆಮೇಲೆ ಒಂದು ಕೈ ಆಕೆಗೆ ಕೊಟ್ಟು, ಇನ್ನೊಂದರಿಂದ ನನ್ನ ಬೆರಳು ಹಿಡಿದು, ಕಣ್ಣು ಮುಚ್ಚಿ ಅಪ್ಪಣೆ ಹೊರಡಿಸಿದಳು: "ಸಿಕ್ಕರ ಬಿಡಬ್ಯಾಡ್ರಿ. ಸಿಗಲಿಲ್ಲಂದ್ರ ಭಾಳ ಹುಡಕಬ್ಯಾಡ್ರಿ."

ಆ ಚಿಪ್‌ನ ಹಿಡಿತ ಎಷ್ಟು ಗಟ್ಟಿಯೋ ನಾನರಿಯೆ. ನನ್ನ ಬೆರಳು ಹಿಡಿದ ದೊಡ್ಡವ್ವನ ಕೈಯಿಂದ ಮಾತ್ರ ಯಾವ ಕೋಶವೂ ಪಾರಾಗಲಾರದು.