ಎರಡೇ ಸೀಟಿನ ಹಸಿರು ಗಾಡಿ

ಹಳೆಯ ಸ್ಪೋರ್ಟ್ಸ್ ಕಾರುಗಳ ಚಿತ್ರ ಹರವಿಕೊಂಡು, ಯಾವುದರ ಓಟ ಚಲೋ ಎಂದು ನೀವು ಮೊಮ್ಮಕ್ಕಳು ಜಗಳಾಡುವುದನ್ನು ಕೇಳಿ ನಾನು ಒಳಗೆ ಕೂತು ನಗುತ್ತಿರುತ್ತೇನೆ. ಅದೇ ಜಗಳ ನರಗುಂದದ ನಮ್ಮ ಮನೆಯ ಕಟ್ಟೆಯ ಮೇಲೆ ಎಷ್ಟೋ ಸಲ ಆಗಿದೆ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಿಮ್ಮ ಅಜ್ಜ ಹುಬ್ಬಳ್ಳಿಯಲ್ಲಿ, ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಸಾಹೇಬನಿಂದ ಹಸಿರು ಗಾಡಿಯೊಂದನ್ನು ಕೊಂಡು ತಂದಿದ್ದರು. ಮೇಲೆ ಮಡಚುವ ಅರಿವೆಯ ಮುಚ್ಚಿಗೆ, ಒಳಗೆ ಎರಡೇ ಸೀಟು. ರಾಜೂರಿನ ನನ್ನ ಅಣ್ಣ ಗಜೇಂದ್ರಗಡದಲ್ಲಿ ಅರಳೆ ವ್ಯಾಪಾರ ಮಾಡುತ್ತಿದ್ದ. ಇದನ್ನು ನೋಡಿದವನಿಗೆ ಸುಮ್ಮನಿರಲು ಆಗಲಿಲ್ಲ. ಉದ್ದ ಮೂತಿಯ, ದೊಡ್ಡ ಇಂಜಿನ್ನಿನ ಕೆಂಪು ಗಾಡಿ ತಂದ. ಅದಕ್ಕೂ ಎರಡೇ ಸೀಟು.

ಇಬ್ಬರೂ ಸೇರಿದರೆ ಗಾಡಿ ಅದಲು ಬದಲು ಮಾಡಿಕೊಂಡು ರೋಣದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುವುದು, ಬಂದು ವಾದ ಮಾಡುವುದು. ಕೆಂಪು ಗಾಡಿ ಜೋರು ಹಿಡಿದಾಗ ರಸ್ತೆಗೆ ಅಂಟಿಕೊಂಡು ಹೋಗುತ್ತದೆ, ಹಸಿರು ಗಾಡಿ ಕಲ್ಲು ಸಿಕ್ಕಲ್ಲೆಲ್ಲ ಬೆನ್ನು ಎತ್ತುತ್ತದೆ ಎಂದು ಅಣ್ಣ. ನಿಮ್ಮ ಅಜ್ಜ ಹೇಳುವುದೇ ಬೇರೆ: ಹಸಿರು ಗಾಡಿ ಕಣ್ಣು ತಿರುಗಿದ ಕಡೆ ತಿರುಗುತ್ತದೆ, ಎಷ್ಟು ನಿಧಾನ ಹೋದರೂ ಎಳೆಯುತ್ತದೆ. ಕೆಂಪಿನದು ನಿಧಾನಕ್ಕೆ ಹೋದರೆ ಇಂಜಿನ್ನು ಆರಿ ನಿದ್ದೆ ಹೋಗುತ್ತದೆ.

"ಬೀಗ್ರ, ನಂದು ಕುದರಿ. ನಿಮ್ದು ಹೇರು ಹೊರೂ ಕತ್ತಿ" ಎಂದು ಹಸಿರು ಗಾಡಿಯನ್ನು ಕತ್ತೆ ಮಾಡುವನು ಅಣ್ಣ.

"ಆ ಕುದರಿ ಎಬ್ಬಸಾಕ ಮುಂಜಾನೆದ್ದು ಯಾರ್ ಹೋಗ್ಬೇಕ್ರಿ?" ಎನ್ನುವರು ಇವರು.

ಹಸಿರು ಗಾಡಿಯಲ್ಲಿ ಯಾವಾಗಲೂ ಒಂದು ದಪ್ಪ ಹಗ್ಗ ಇರುತ್ತಿತ್ತು. ಅದನ್ನು ನೋಡಿ ಅಣ್ಣ, ಎತ್ತು ಎಲ್ಲಿ ಕಟ್ಟೀರಿ ಎಂದು ಕಾಡುತ್ತಿದ್ದ.

ನನಗೆ ಆ ಗಾಡಿ ಬೇಕಾಗಿದ್ದದ್ದು ಓಟಕ್ಕಲ್ಲ. ಮನೆ ತುಂಬ ಮಂದಿ. ಹಗಲಲ್ಲಿ ಹಿರಿಯರ ಮುಂದೆ ಗಂಡನ ಜೊತೆ ಸೊಸೆ ಮಾತಾಡುವ ಹಾಗಿರಲಿಲ್ಲ. ಹೊಲದ ಆಳುಗಳಿಗೆ ಬುತ್ತಿ ಒಯ್ಯುವ ನೆಪದಲ್ಲಿ ಗಾಡಿ ಹತ್ತಿದರೆ ಮೂರನೆಯವರು ಕೂರಲು ಜಾಗವೇ ಇಲ್ಲ. ನಾನು ನಿಮ್ಮ ಅಜ್ಜನ ಜೊತೆ ಮಾತು ಕಲಿತದ್ದು ಅದರಲ್ಲಿ. ಸುಗ್ಗಿ ಮುಗಿದ ಗಟ್ಟಿ ಕಣದ ಮೇಲೆ, ಯಾರಿಗೂ ಹೇಳದೆ, ಅದನ್ನು ಹೊಡೆಯಲು ಕಲಿತದ್ದೂ ಆಗಲೇ.

ಆ ಶ್ರಾವಣದಲ್ಲಿ ಮಾವನವರು, ಅಂದರೆ ನಿಮ್ಮ ಮುತ್ತಜ್ಜ, ಪಂಚಮಿ ಆದ ಮೇಲೆ ಹಸಿರು ಗಾಡಿ ಮಾರುವುದೆಂದರು. ಇಡೀ ಮನೆತನ ಕೂರುವಂಥ ದೊಡ್ಡ ಮೋಟಾರು ಬೇಕಂತೆ. ಗದಗಿನ ಒಬ್ಬರು ಆಗಲೇ ಕೇಳಿದ್ದರು. ಮಾವನವರ ಮಾತಿಗೆ ಎದುರಿರಲಿಲ್ಲ. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಅಣ್ಣ ಬಂದ. ಮಾವನವರೂ ಬೀಗರನ್ನು ಕಾಣಲು ಹೊರಟು ಅಣ್ಣನ ಪಕ್ಕ ಕೂತರು. ನಾವಿಬ್ಬರೂ ಹಸಿರು ಗಾಡಿಯಲ್ಲಿ ಹಿಂದೆ. ಇದು ಕೊನೆಯ ಸಲ ಎಂದು ನಾನು ದಾರಿಯುದ್ದಕ್ಕೂ ಒಂದೇ ಸಮ ಮಾತಾಡಿದೆ.

ರೋಣ ದಾಟಿದ ಮೇಲೆ ಒಂದು ತಗ್ಗು. ಎರೆ ಭೂಮಿ ಮೇಲೆ ಒಣಗಿ ಬಿರುಕು ಬಿಟ್ಟಿತ್ತು, ಒಳಗೆ ಹಸಿ ಇತ್ತು. ಅಣ್ಣ ಒಣನೆಲ ಎಂದು ಜೋರಾಗಿಯೇ ನುಗ್ಗಿಸಿದ. ಕೆಂಪು ಗಾಡಿ ಅರ್ಧ ಗಾಲಿಯವರೆಗೆ ಇಳಿದು ನಿಂತಿತು. ಜೋರು ಕೊಟ್ಟಷ್ಟೂ ಗಾಲಿ ತಿರುಗಿ ಕೆಸರು ಹಾರಿತೇ ಹೊರತು ಗಾಡಿ ಕದಲಲಿಲ್ಲ. ಇವರು ಪಕ್ಕದ ಕರಿಕೆ ಹುಲ್ಲು ಬೆಳೆದ ಅಂಚಿನ ಮೇಲೆ ನಿಧಾನವಾಗಿ ಸಾಗಿ, ಮುಂದಿನ ಗರಸು ಕಲ್ಲಿನ ಗಟ್ಟಿ ದಿಬ್ಬ ಹತ್ತಿಸಿ ನಿಲ್ಲಿಸಿದರು. ಹಗ್ಗ ತೆಗೆದು ಎರಡೂ ಗಾಡಿಗೆ ಬಿಗಿದರು.

ಅಣ್ಣ ಕೆಂಪು ಗಾಡಿಯ ಸ್ಟೀರಿಂಗ್ ಚಕ್ರ ಹಿಡಿಯಬೇಕು, ಇವರು ಹಿಂದಿನಿಂದ ನೂಕಬೇಕು. ಹಸಿರು ಗಾಡಿ ಹೊಡೆಯುವವರು ಯಾರು? ದಿಬ್ಬದ ಮೇಲೆ ಛತ್ರಿ ಊರಿಕೊಂಡು ನಿಂತಿದ್ದ ಮಾವನವರು, ಎತ್ತು ಬರುವತನಕ ಕಾಯೋಣ ಎಂದರು.

"ಅಪ್ಪಾ, ಆಕಿಗೆ ಬರತೈತಿ" ಎಂದರು ಇವರು.

"ಏನ್ ಬರತೈತಿ?"

"ಗಾಡಿ ಹೊಡ್ಯಾಕ."

ಮಾವನವರು ಛತ್ರಿಯ ತುದಿಯಿಂದ ದಿಬ್ಬದ ಕಲ್ಲು ಕೆದರಿದರು. ನಾನು ಸೆರಗನ್ನು ಮೂಗಿನತನಕ ಎಳೆದುಕೊಂಡು ನಿಂತಿದ್ದೆ. ಆಮೇಲೆ ಅವರು ಹೇಳಿದ್ದು ನನಗೆ ಇಂದಿಗೂ ಕಿವಿಯಲ್ಲಿದೆ.

"ಸೆರಗು ಹಿಂದಕ್ಕ ಸರಿಸಿ ನೆಟ್ಟಗ ನೋಡಿ ಹೊಡೀಬೇಕವ್ವಾ. ನಾ ಆ ಕಡೆ ಮಾರಿ ಮಾಡಿ ನಿಂದರ್ತೀನಿ."

ಹೇಳಿದಂತೆ ಹೊಲದ ಕಡೆ ತಿರುಗಿ ನಿಂತರು.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೆ. ಮೊದಲ ಗೇರು ಹಾಕಿ, ಕ್ಲಚ್ಚಿನ ಮೇಲಿನ ಕಾಲನ್ನು ಒಂದಿಷ್ಟೇ ಬಿಟ್ಟೆ. ಜೋರು ಕೊಡಲಿಲ್ಲ. ಹಗ್ಗ ಬಿಗಿಯಿತು. ಇಂಜಿನ್ನಿನ ದನಿ ಇಳಿಯಿತು, ಆದರೆ ಸಾಯಲಿಲ್ಲ. ಗುರುಗುಟ್ಟುತ್ತ ಅದೇ ದನಿಯಲ್ಲಿ ಎಳೆಯಿತು. ನಿಮ್ಮ ಅಜ್ಜ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದದ್ದೆಲ್ಲ ನನ್ನ ಅಂಗಾಲಿಗೆ ತಿಳಿಯಿತು. ಹಸಿ ನೆಲದಿಂದ ಸೇಂಗಾ ಗಿಡ ಕಿತ್ತ ಹಾಗೆ ಕೆಂಪು ಗಾಡಿ ಮೇಲೆ ಬಂತು.

ಅಣ್ಣ ಮೈಯೆಲ್ಲ ಕೆಸರಾಗಿ ಇಳಿದು, ಕತ್ತೆ ಗಟ್ಟಿ ಇದೆ ಎಂದು ಒಪ್ಪಿಕೊಂಡ. ಮಾವನವರ ಎದುರಿಗೆ ಒಂದು ಮಾತೂ ಆಡದ ನಾನು ಅಂದೇ ಬಿಟ್ಟೆ: "ಕುದರಿನ್ನ ಎಳದೈತಿ, ಇನ್ನ ಕತ್ತಿ ಅನಬ್ಯಾಡ ಅಣ್ಣಾ."

ಬೆನ್ನು ಮಾಡಿ ನಿಂತಿದ್ದ ಮಾವನವರ ಭುಜ ನಗುವಿಗೆ ಅಲುಗುತ್ತಿತ್ತು. ತಿರುಗಬಹುದೇ ಎಂದು ಕೇಳಿ, ನಾನು ಸೆರಗು ಹೊದ್ದ ಮೇಲೆ ತಿರುಗಿದರು. ಮಗನಿಗೆ ಇಷ್ಟೇ ಹೇಳಿದರು:

"ಗದಗಿನಾವ್ರಿಗೆ ಗಾಡಿ ಕೊಡೂದಿಲ್ಲ ಅಂತ ಹೇಳಿ ಕಳಸು."

ಇವರು, ಅಪ್ಪಾ ಈಗ ಇದರಲ್ಲಿ ಕೂತು ನೋಡಿ ಎಂದು ಕರೆದರು. ಅವರು ಹೋಗಿ ಕೆಸರಿನ ಕೆಂಪು ಗಾಡಿಯಲ್ಲೇ ಕೂತರು. "ಅದರಾಗ ಇಬ್ಬರಿಗಷ್ಟಽ ಜಾಗ ಐತಿ" ಎಂದರು.

ಮುಂದಿನ ದಾರಿಯೆಲ್ಲ ಹೊಡೆದವಳು ನಾನೇ. ನಿಮ್ಮ ಅಜ್ಜ ಪಕ್ಕದಲ್ಲಿ ಕೂತು, ತವರಿಗೆಂದು ಕಟ್ಟಿದ್ದ ಉಂಡಿಯ ಗಂಟು ಬಿಚ್ಚಿ ತಿನ್ನುತ್ತಿದ್ದರು. ರಾಜೂರಿನ ಅಗಸಿ ಬಾಗಿಲು ಕಂಡಿತು. ಮುಂದಿದ್ದ ಅಣ್ಣನ ಗಾಡಿ ಕಲ್ಲಿನ ತಿರುವಿನಲ್ಲಿ ನಿಧಾನಿಸಿ ನಿದ್ದೆ ಹೋಯಿತು. ನಾನು ಹಾರ್ನ್ ಹೊಡೆದು, ಸೆರಗು ಹಾರುತ್ತಿರಲು, ಪಕ್ಕದಿಂದ ಮುಂದೆ ಹೋದೆ. ಓರೆಗಣ್ಣಿನಿಂದ ನೋಡಿದೆ: ಮಾವನವರು ಮತ್ತೆ ಹೊಲದ ಕಡೆ ಮುಖ ತಿರುಗಿಸಿಕೊಂಡಿದ್ದರು.