ಮೂರನೆಯ ದಿನದ ಹೆಬ್ಬೆಟ್ಟುಗಳು

ಆ ವರ್ಷ ಏಳೆಂಟು ತಿಂಗಳು ನಾನು ಊರೂರು ಸುತ್ತಿ ಜನರ ಹೆಬ್ಬೆಟ್ಟು ಹಿಡಿಸುವ ಕೆಲಸ ಮಾಡಿದೆ. ಹೊಸ ರೇಷನ್ ಕಾರ್ಡಿಗೆ ಫೋಟೊದ ಜೊತೆ ಬೆರಳಿನ ಗುರುತೂ ಬೇಕು ಎಂದಾಗಿತ್ತು. ಅದನ್ನು ಗುತ್ತಿಗೆ ಹಿಡಿದಿದ್ದ ಕಂಪನಿಯೊಂದು, ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಪಿರಿಯಾಪಟ್ಟಣದ ಮನೆಯಲ್ಲಿ ಸುಮ್ಮನೆ ಕೂತಿದ್ದ ನನ್ನನ್ನೂ ಸೇರಿಸಿಕೊಂಡಿತು. ಒಂದು ಲ್ಯಾಪ್‌ಟಾಪು, ಒಂದು ಪುಟ್ಟ ಕ್ಯಾಮೆರಾ, ಮೇಲೆ ಗಾಜಿದ್ದ ಬೆಂಕಿಪೊಟ್ಟಣದಷ್ಟು ದೊಡ್ಡ ಹೆಬ್ಬೆಟ್ಟಿನ ಡಬ್ಬಿ. ಇಷ್ಟನ್ನೂ ಒಂದೇ ಚೀಲಕ್ಕೆ ತುಂಬಿಕೊಂಡು ಬೆಳಿಗ್ಗೆ ಬಸ್ಸು ಹತ್ತುತ್ತಿದ್ದೆ. ಸೀಟು ಸಿಕ್ಕರೆ ಚೀಲ ತೊಡೆಯ ಮೇಲೆ. ಸಿಗದಿದ್ದರೆ ಡ್ರೈವರ್ ಪಕ್ಕದ ಎಂಜಿನ್ ಬಾನೆಟ್ಟಿನ ಮೇಲೆ. ಅಲ್ಲಿ ಅದು ದಾರಿಯುದ್ದಕ್ಕೂ ಕುಣಿಯುತ್ತ ಬರುತ್ತಿತ್ತು.

ಹಾರನಹಳ್ಳಿಯಿಂದ ಆಚೆಗಿನ ಒಂದು ಹಳ್ಳಿಯಲ್ಲಿ ಮೂರು ದಿನದ ಕ್ಯಾಂಪು ಬಿತ್ತು. ಮಂಗಳವಾರದಿಂದ ಗುರುವಾರ. ಹೊಗೆಸೊಪ್ಪು ಮುರಿಯುವ ಕಾಲ. ಬೆಳಕು ಹರಿಯುವ ಮೊದಲೇ ಹೊಲಕ್ಕಿಳಿದು ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಒಲೆಯ ಕಾವಿನಲ್ಲಿ ಸೊಪ್ಪು ಒಣಗಿಸುವ ಗೂಡಾದ ಬ್ಯಾರನ್ನಿಗೆ ಏರಿಸುವ ಜನ ಅದನ್ನೆಲ್ಲ ಅರ್ಧಕ್ಕೆ ಬಿಟ್ಟು ಶಾಲೆಯ ಜಗಲಿಯಲ್ಲಿ ಸಾಲು ನಿಲ್ಲಬೇಕಿತ್ತು. ಹಸಿ ಹೊಗೆಸೊಪ್ಪಿನ ಅಂಟು ಕೈಗೆ ಹತ್ತಿದರೆ ಕಪ್ಪಗೆ ಮೆತ್ತಿಕೊಳ್ಳುತ್ತದೆ, ಸೋಪಿಗೆ ಜಗ್ಗುವುದಿಲ್ಲ. ಆ ಬೆರಳನ್ನು ಗಾಜಿನ ಮೇಲಿಟ್ಟರೆ ಪರದೆಯ ಮೇಲೆ ಗೆರೆಗಳ ಬದಲು ಒಂದು ಕರಿ ಮಚ್ಚೆ ಮೂಡುತ್ತಿತ್ತು. ನಾನು ಒಂದು ಬಟ್ಟಲಿನಲ್ಲಿ ಹುಣಸೆಹಣ್ಣಿನ ನೀರು, ಇನ್ನೊಂದರಲ್ಲಿ ಕೊಬ್ಬರಿ ಎಣ್ಣೆ ಇಟ್ಟುಕೊಂಡು ಒಬ್ಬೊಬ್ಬರ ಹೆಬ್ಬೆಟ್ಟನ್ನೂ ಉಜ್ಜಿ ಒರೆಸುತ್ತಿದ್ದೆ. ಸಂಜೆಯ ಹೊತ್ತಿಗೆ ನನ್ನ ಕೈಯೂ ಅವರ ಕೈಯೂ ಒಂದೇ ಬಣ್ಣ.

ಆ ಸಾಲಿನಲ್ಲಿ ಒಬ್ಬ ಅಜ್ಜಿ ಇದ್ದಳು. ಮೊದಲ ದಿನ ಬಂದಳು, ಡಬ್ಬಿ ಅವಳ ಬೆರಳು ಹಿಡಿಯಲಿಲ್ಲ. ಎರಡನೆಯ ದಿನವೂ ಬಂದಳು, ಹಿಡಿಯಲಿಲ್ಲ. ಜೀವಮಾನವಿಡೀ ಸೊಪ್ಪು ಕಟ್ಟಿದ ಕೈ. ಹೆಬ್ಬೆಟ್ಟಿನ ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದವು. ಗುರುವಾರ ಮಧ್ಯಾಹ್ನ ಮತ್ತೆ ಬಂದು ಕೂತಳು. ಹತ್ತು ಬೆರಳನ್ನೂ ಒಂದೊಂದಾಗಿ ಒತ್ತಿಸುತ್ತ ಹೋದೆ. ಎಡಗೈಯ ಉಂಗುರದ ಬೆರಳಿಗೆ ಬರುವಷ್ಟರಲ್ಲಿ ಪರದೆಯ ಮೇಲೆ ಹಸಿರು ಗೀಟು ಬಂತು. ಸಾಲಿನಲ್ಲಿ ನಿಂತವರು ಚಪ್ಪಾಳೆ ತಟ್ಟಿದರು. ಅಜ್ಜಿ ತನ್ನ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಅದಾಗಿ ಕಾಲು ಗಂಟೆಯೂ ಕಳೆದಿರಲಿಲ್ಲ. ಪರದೆ ಹಾಗೇ ಹೆಪ್ಪುಗಟ್ಟಿ ನಿಂತಿತು. ಯಾವ ಕೀ ಒತ್ತಿದರೂ ಕದಲಲಿಲ್ಲ. ಬಟನ್ನನ್ನು ಒತ್ತಿ ಹಿಡಿದು ಆರಿಸಿ ಮತ್ತೆ ಹಾಕಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳ ಒಂದೇ ಸಾಲು. ಬೂಟ್ ಆಗುವ ಡಿಸ್ಕು ಸಿಗುತ್ತಿಲ್ಲ, ಡಿಸ್ಕು ಹಾಕಿ ಯಾವುದಾದರೂ ಕೀ ಒತ್ತಿ, ಎಂದು.

ಲ್ಯಾಪ್‌ಟಾಪು ಏಳುವಾಗ ಮೊದಲು ತನ್ನೊಳಗಿನ ಹಾರ್ಡ್ ಡಿಸ್ಕನ್ನು ಹುಡುಕುತ್ತದೆ. ಮಾಡಬೇಕಾದ ಕೆಲಸವೆಲ್ಲ ಬರೆದಿರುವುದು ಅಲ್ಲಿ. ಆ ಮೂರು ದಿನದ ಮುಖಗಳು, ಬೆರಳುಗಳು ಇದ್ದದ್ದೂ ಅಲ್ಲಿಯೇ. ಬೇರೆಲ್ಲೂ ಇರಲಿಲ್ಲ. ದಿನಾ ಸಂಜೆ ಪೆನ್ ಡ್ರೈವಿಗೆ ಇಳಿಸಿಕೊಳ್ಳಬೇಕೆಂಬುದು ನಿಯಮ. ಕಂಪನಿ ಎರಡು ತಂಡಕ್ಕೆ ಸೇರಿ ಕೊಟ್ಟಿದ್ದು ಒಂದೇ ಪೆನ್ ಡ್ರೈವು, ಅದು ಆಗ ಭೇರ್ಯದ ಕಡೆ ಹೋದ ತಂಡದ ಕೈಯಲ್ಲಿತ್ತು. ನಾನೇ ಒಂದು ಕೊಂಡುಕೊಳ್ಳಬಹುದಿತ್ತು. ಸೀಡಿಗಾದರೂ ಬರೆದಿಡಬಹುದಿತ್ತು. ಎರಡು ಸಂಜೆಯೂ ಸುಸ್ತಾಗಿ, ನಾಳೆ ನೋಡಿದರಾಯಿತೆಂದು ಚೀಲದ ಜಿಪ್ಪು ಎಳೆದುಬಿಟ್ಟಿದ್ದೆ.

"ಏನಮ್ಮಾ, ಕೈ ಕೊಡ್ತಾ?" ಎಂದರು ಪಕ್ಕದಲ್ಲಿ ಪಟ್ಟಿ ಹಿಡಿದು ಕೂತಿದ್ದ ಗ್ರಾಮ ಲೆಕ್ಕಿಗರು.

"ಸ್ವಲ್ಪ ಇರಿ ಸಾರ್, ನೋಡ್ತೀನಿ."

ನನ್ನ ಮೊಬೈಲಿಗೆ ಆ ಊರಿನಲ್ಲಿ ಸಿಗ್ನಲ್ ಇರಲಿಲ್ಲ. ಶಾಲೆಯಿಂದ ಇನ್ನೂರು ಹೆಜ್ಜೆ ದೂರದ ಅಂಗಡಿಯಲ್ಲಿ ಒಂದು ಕಾಯಿನ್ ಫೋನು. ಅಲ್ಲಿಗೆ ಓಡಿ ಕಂಪನಿಯ ಎಂಜಿನಿಯರಿಗೆ ಫೋನು ಮಾಡಿದೆ. ಅವರು ಸಾವಧಾನವಾಗಿ ಹೇಳಿದರು: ವೈರೆಲ್ಲ ಕೀಳಿ, ಬ್ಯಾಟರಿ ತೆಗೆದು ಐದು ನಿಮಿಷ ಬಿಡಿ, ಮತ್ತೆ ಹಾಕಿ. ಓಡಿ ಬಂದು ಹಾಗೇ ಮಾಡಿದೆ. ಅದೇ ಬಿಳಿ ಸಾಲು. ಮತ್ತೆ ಓಡಿದೆ. ಈಗ ಎಫ್ ಟೂ ಒತ್ತಿ ಸೆಟಪ್ಪಿಗೆ ಹೋಗಿ, ಏಳುವಾಗ ಯಾವುದಾದ ಮೇಲೆ ಯಾವುದನ್ನು ಹುಡುಕುತ್ತದೆ ಎಂಬ ಬೂಟ್ ಆರ್ಡರ್ ಏನಿದೆ ಬರ್ಕೊಂಡು ಬನ್ನಿ ಎಂದರು. ವಾಪಸು ಬಂದು ಸೆಟಪ್ ತೆರೆದೆ. ಸೀಡಿ ಡ್ರೈವಿನ ಹೆಸರಿತ್ತು, ನೆಟ್‌ವರ್ಕಿನ ಹೆಸರಿತ್ತು. ಹಾರ್ಡ್ ಡಿಸ್ಕು ಎಂದಿದ್ದ ಕಡೆ ಏನೂ ಇರಲಿಲ್ಲ. ಅದನ್ನು ಅಂಗೈ ಮೇಲೆ ಬರೆದುಕೊಂಡು ಮೂರನೆಯ ಸಲ ಹೋದೆ.

"ಹಂಗಾದ್ರೆ ಡಿಸ್ಕೇ ಹೋಗಿದೆ ಬಿಡಿ. ಮೆಷೀನ್ ಕಳ್ಸಿ, ಬೇರೆ ಹಾಕ್ಸಿ ಕೊಡ್ತೀವಿ," ಎಂದರು.

"ಸಾರ್, ಒಳಗಿರೋ ಡೇಟಾ?"

"ಅದನ್ನ ಮರ್ತುಬಿಡಿ. ಜನರನ್ನ ಇನ್ನೊಂದ್ಸಲ ಕರೀರಿ, ಅಷ್ಟೇ."

ಅಷ್ಟೇ ಎನ್ನುವ ಮಾತು ಕಿವಿಯಲ್ಲಿ ಹಾಗೇ ಕೂತಿತು. ನಿಧಾನಕ್ಕೆ ನಡೆದು ವಾಪಸು ಬಂದೆ. ಲ್ಯಾಪ್‌ಟಾಪಿಗೆ ಕಿವಿಯಿಟ್ಟು ಕೇಳಿದೆ. ದಿನವೂ ಒಳಗಿನಿಂದ ಸಣ್ಣಗೆ ಗುರುಗುಟ್ಟುವ ಸದ್ದು ಬರುತ್ತಿತ್ತು, ಇವತ್ತು ಇರಲಿಲ್ಲ. ಸಾಲಿನಲ್ಲಿದ್ದವರಿಗೆ ಮೆಷೀನು ಕೆಟ್ಟಿದೆ, ಮನೆಗೆ ಹೋಗಿ ಎಂದೆ. ಕೆಲವರು ಬೈದರು. ಒಬ್ಬಾತ ಮಾತ್ರ, "ಸೊಪ್ಪು ಬಾಡ್ತಾ ಕೂತದೆ ಕಣಮ್ಮಿ, ಇದ್ನ ಬೆಳಗ್ಗೇನೆ ಯೋಳ್ಬಾರ್ದಾ?" ಎಂದ. ಬೈಗುಳಕ್ಕಿಂತ ಅದು ಹೆಚ್ಚು ನೋಯಿಸಿತು.

ಅಜ್ಜಿ ಇನ್ನೂ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. "ನಂದು ಒಳೀಕೆ ಓಗದೆ ತಾನೇ ಮಗ?" ಎಂದು ಕೇಳಿದಳು.

"ಹೋಗಿದೆ ಅಜ್ಜಿ," ಎಂದೆ. ಸುಳ್ಳಲ್ಲ. ಒಳಗೆ ಹೋಗಿತ್ತು. ಹೊರಗೆ ಬರುತ್ತದೋ ಇಲ್ಲವೋ ಎಂಬುದೇ ಗೊತ್ತಿರಲಿಲ್ಲ.

ಮೆಷೀನನ್ನು ಕಂಪನಿಗೆ ಕಳಿಸಿದರೆ ಡಿಸ್ಕನ್ನು ಕಸಕ್ಕೆ ಹಾಕುತ್ತಾರೆ ಎಂಬುದು ಗೊತ್ತಿತ್ತು. ಮಾರನೆಯ ದಿನ ಬೆಳಿಗ್ಗೆ ಹುಣಸೂರಿನ ಬಸ್ಸು ಹತ್ತಿದೆ. ಅಲ್ಲಿ ಒಬ್ಬ ಸಾಬರು ಮೊದಲು ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದವರು, ಈಗ ಕಂಪ್ಯೂಟರನ್ನೂ ಬಿಚ್ಚುತ್ತಾರೆಂದು ಕೇಳಿದ್ದೆ. ಅಂಗಡಿ ಹುಡುಕಿಕೊಂಡು ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿ ಅವರು ಬಾಗಿಲು ಎಳೆಯುತ್ತಿದ್ದರು. ಶುಕ್ರವಾರ.

"ನಮಾಜ್ ಮುಗಿಸ್ಕೊಂಡು, ಊಟ ಮಾಡ್ಕೊಂಡು ಬರ್ತೀನಮ್ಮ. ಕೂತಿರ್ತೀಯಾ?"

"ಕೂತಿರ್ತೀನಿ ಸಾಬ್ರೇ."

ಮೆಟ್ಟಿಲ ಮೇಲೆ ಕೂತು ಚೀಲವನ್ನು ಮಡಿಲಿಗೆ ಹಾಕಿಕೊಂಡು ಅದರ ಮೇಲೆ ತಲೆಯಿಟ್ಟೆ. ಎಷ್ಟು ಹೊತ್ತೋ. ಸಾಬರು ಬಂದು "ಏಳಮ್ಮ" ಎಂದಾಗ ಕೆನ್ನೆಯ ಮೇಲೆ ಜಿಪ್ಪಿನ ಅಚ್ಚು ಬಿದ್ದಿತ್ತು.

ಅವರು ಮೆಷೀನನ್ನು ಆನ್ ಮಾಡಿ ಬಿಳಿ ಸಾಲನ್ನು ಓದಿದರು. ಸೆಟಪ್ಪಿಗೆ ಹೋಗಿ ನೋಡಿದರು. ಆಮೇಲೆ ಮಗುಚಿ ಹಾಕಿ, ಕೆಳಗಡೆ ಅಂಟಿಸಿದ್ದ ಕಂಪನಿಯ ಸೀಲನ್ನು ಬೆರಳಿನಿಂದ ತೋರಿಸಿದರು.

"ಇದು ಹರಿದ್ರೆ ನಿನ್ನ ಕೆಲ್ಸಕ್ಕೆ ತೊಂದ್ರೆ ಆಗ್ತದಲ್ಲ?"

"ಆಗುತ್ತೆ."

"ಹಂಗಾದ್ರೆ ನಾನು ಹರಿಯಲ್ಲಮ್ಮ. ಬೇಕೂಂದ್ರೆ ನೀನೇ ಹರಿ. ಮಿಕ್ಕಿದ್ದು ನಾನು ನೋಡ್ತೀನಿ."

ಯೋಚಿಸುವಷ್ಟು ತ್ರಾಣವೂ ನನ್ನಲ್ಲಿರಲಿಲ್ಲ ಅನ್ನಿಸುತ್ತದೆ. ಈಗ ನೆನೆದರೆ ಅದನ್ನು ಧೈರ್ಯ ಎನ್ನಲು ಮನಸ್ಸು ಬರುವುದಿಲ್ಲ. ಉಗುರು ಹಾಕಿ ಸೀಲು ಕಿತ್ತೆ.

ಮುಚ್ಚಳ ತೆಗೆದರೆ ಒಳಗೆಲ್ಲ ಕೆಂಪು ಧೂಳು. ನಮ್ಮ ತಾಲ್ಲೂಕಿನ ಅಷ್ಟೂ ರಸ್ತೆಯ ಧೂಳು ಅಲ್ಲಿ ಸೇರಿತ್ತು. ಸಾಬರು ಪೇಂಟಿನ ಬ್ರಷ್ಷಿನಿಂದ ಗುಡಿಸಿ, ಡಿಸ್ಕನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿದರು. ಅದು ಸಡಿಲ ಹಲ್ಲಿನ ಹಾಗೆ ಆಡಿತು. ಹಿಡಿದಿಡಬೇಕಾದ ಎರಡು ಸ್ಕ್ರೂಗಳಲ್ಲಿ ಒಂದು ಇರಲೇ ಇಲ್ಲ, ಇನ್ನೊಂದು ಅರ್ಧಕ್ಕೆ ಬಂದಿತ್ತು.

"ಬಸ್ಸಲ್ಲಿ ಕುಣಿದೂ ಕುಣಿದೂ ಈಚೆಗೆ ಬಂದದೆ. ನೋಡು, ಪಿನ್ನೇ ತಾಕ್ತಿಲ್ಲ. ಮತ್ತೆ ಹೆಂಗೆ ಸಿಗ್ತದೆ?"

ಪಿನ್ನುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಡಿಸ್ಕನ್ನು ಒಳಗೆ ತಳ್ಳಿ, ಹಳೇ ರೇಡಿಯೊದ ಡಬ್ಬಿಯಿಂದ ಒಂದು ಸ್ಕ್ರೂ ಆರಿಸಿ ಬಿಗಿದರು. ಆನ್ ಮಾಡಿದೆವು. ಸೆಟಪ್ಪಿನಲ್ಲಿ ಖಾಲಿಯಿದ್ದ ಜಾಗದಲ್ಲಿ ಡಿಸ್ಕಿನ ಹೆಸರು ಕಾಣಿಸಿತು. ನಾನು ಜೋರಾಗಿ ಉಸಿರು ಬಿಟ್ಟೆ. ಸಾಬರು ಮಾತ್ರ ಬಗ್ಗಿ ಕಿವಿಗೊಟ್ಟಿದ್ದರು. ಒಳಗಿನಿಂದ ಟಕ್, ಟಕ್ ಎಂಬ ಸದ್ದು.

"ಎದ್ದದೆ, ಆದ್ರೆ ಪೆಟ್ಟು ತಿಂದದೆ. ಜಾಸ್ತಿ ಹೊತ್ತು ಬದುಕಲ್ಲ. ಏನೇನು ಬೇಕೋ ಈಗ್ಲೇ ತಗೊ. ಆಫ್ ಮಾತ್ರ ಮಾಡ್ಬೇಡ."

ತಮ್ಮ ಕಂಪ್ಯೂಟರಿಗೆ ವೈರು ಎಳೆದು ಕೊಟ್ಟರು. ಮಂಗಳವಾರದ ಫೈಲುಗಳು ಬಂದವು. ಬುಧವಾರದವು ತಡವರಿಸಿ ತಡವರಿಸಿ ಬಂದವು. ನಡುವೆ ಎರಡು ಸಲ ನಿಂತು, ನಾವಿಬ್ಬರೂ ಕಾದ ಮೇಲೆ ಮುಂದುವರಿದವು. ಗುರುವಾರದ್ದು, ಎಷ್ಟು ಬಂತೆಂದು ಪರದೆಯ ಮೇಲೆ ತೋರಿಸುವ ಗೆರೆ ಅರ್ಧವಾಗುವವರೆಗೆ ಬಂದು ಅಲ್ಲೇ ನಿಂತಿತು. ಟಕ್ಕೆಂಬ ಸದ್ದು ಬಿರುಸಾಯಿತು, ಆಮೇಲೆ ಸುಮ್ಮನಾಯಿತು. ಸಾಬರು ಮತ್ತೆ ಬಿಚ್ಚಿದರು, ಉಜ್ಜಿದರು, ತಣ್ಣಗಾಗಲೆಂದು ಒಂದು ಗಂಟೆ ಬಿಟ್ಟು ಹಾಕಿದರು. ಅದು ಮತ್ತೆ ಏಳಲಿಲ್ಲ.

"ಎರಡು ದಿನದ್ದು ಉಳೀತಲ್ಲಮ್ಮ, ಅಳ್ಬೇಡ," ಎಂದರು. ನಾನು ಅಳುತ್ತಿರಲಿಲ್ಲ. ಕಣ್ಣು ಉರಿಯುತ್ತಿತ್ತು, ನೀರು ಸುಮ್ಮನೆ ಬರುತ್ತಿತ್ತು.

ಕಂಪನಿಯವರು ಬೇರೆ ಲ್ಯಾಪ್‌ಟಾಪು ಕೊಟ್ಟರು. ಎಂಜಿನಿಯರು ಹರಿದ ಸೀಲು ನೋಡಿ, ಎರಡು ದಿನದ ಕೆಲಸ ಉಳಿಸಿದ್ದಕ್ಕೆ ಏನನ್ನೂ ಹೇಳದೆ, ಈ ಹಳ್ಳಿ ಮುಗಿಸಿಕೊಟ್ಟು ಕೆಲಸ ಬಿಟ್ಟುಬಿಡಿ ಎಂದರು. ವಾದ ಮಾಡಲಿಲ್ಲ. ಬಿಡುಗಡೆ ಎಂದು ಕೂಡ ಅನ್ನಿಸಿತು.

ಮತ್ತೆ ಆ ಹಳ್ಳಿಗೆ ಹೋದಾಗ ಗ್ರಾಮ ಲೆಕ್ಕಿಗರು ನನ್ನನ್ನು ಪಕ್ಕಕ್ಕೆ ಕರೆದರು. "ಮೇಲಿಂದ ಹೊಸ ಆರ್ಡರ್ ಬಂದಿದೆ, ಗುರುವಾರದವರೆಲ್ಲ ಇನ್ನೊಂದ್ಸಲ ಬೆರಳು ಕೊಡ್ಬೇಕು ಅಂದ್ಬಿಡಿ. ಯಾರೂ ಕೇಳಲ್ಲ."

ಅವರ ಮಾತೇ ಸುಲಭದ್ದು. ಆದರೆ ಸುಳ್ಳು ಹೇಳಿದ ಮೇಲೆ ಅದನ್ನು ಸಂಜೆಯವರೆಗೆ ಹೊತ್ತು ನಿಲ್ಲಬೇಕಲ್ಲ, ಅದು ನನ್ನಿಂದ ಆಗುತ್ತಿರಲಿಲ್ಲ. ಶಾಲೆಯ ಜಗಲಿಯ ಮೇಲೆ ನಿಂತು ಇದ್ದದ್ದನ್ನು ಹೇಳಿದೆ. ಮೆಷೀನು ಕೆಟ್ಟಿತು, ದಿನದಿನ ಇಳಿಸಿಟ್ಟುಕೊಳ್ಳಬೇಕಿತ್ತು, ನಾನು ಇಳಿಸಲಿಲ್ಲ, ನಿಮ್ಮದು ಹೋಯಿತು. ಆಮೇಲೆ ಹಿಂದಿನ ಸಲ ಸೊಪ್ಪು ಬಾಡುತ್ತದೆ ಎಂದಿದ್ದವನೇ ಮುಂದೆ ಬಂದು, "ಅಂಗಾದ್ರೆ ಬೇಗ ಸುರು ಮಾಡು ಮತ್ತೆ, ಇನ್ನೂ ನಿಂತ್ಕಂಡು ಏನು?" ಎಂದು ಬಟ್ಟಲಿನ ಹುಳಿನೀರಿಗೆ ತಾನೇ ಕೈ ಅದ್ದಿದ.

ಮಧ್ಯಾಹ್ನಕ್ಕೆ ಎಲ್ಲರದೂ ಮುಗಿಯಿತು, ಅಜ್ಜಿಯೊಬ್ಬಳನ್ನು ಬಿಟ್ಟು. ಅವಳು ಬಂದಿರಲಿಲ್ಲ. ಹೇಳಿ ಕಳಿಸಿದರೆ, ಕೊಟ್ಟಾಗಿದೆಯಲ್ಲ, ಇನ್ನೇನು ಎಂದಳಂತೆ. ಚೀಲ ಹೆಗಲಿಗೆ ಹಾಕಿಕೊಂಡು ನಾನೇ ಬ್ಯಾರನ್ನಿನ ಹತ್ತಿರ ಹೋದೆ. ಚಪ್ಪರದ ಕೆಳಗೆ ನಾಲ್ಕೈದು ಹೆಂಗಸರು ಸೊಪ್ಪು ಕಟ್ಟುತ್ತಿದ್ದರು, ನಡುವೆ ಅಜ್ಜಿ. ಅವಳ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ವಿಷಯ ಹೇಳಿದೆ.

"ಓಗದೆ ಅಂದಲ್ಲ ಅವತ್ತು?"

"ಹೋಗಿತ್ತು ಅಜ್ಜಿ. ಆಮೇಲೆ ಕಳೆದೋಯ್ತು. ನನ್ನ ತಪ್ಪು."

ಅವಳು ಕೈಯಲ್ಲಿದ್ದ ಕಡ್ಡಿಯನ್ನು ಪೂರ್ತಿ ಕಟ್ಟಿ ಮುಗಿಸುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ಎಡಗೈ ಚಾಚಿದಳು. "ಯಾವ ಬೆಳ್ಳು?"

ಉಂಗುರದ ಬೆರಳು ಈ ಸಲ ಹಿಡಿಯಲಿಲ್ಲ. ಬ್ಯಾರನ್ನಿನ ಒಲೆಯ ಮೇಲೆ ಕಾಯಿಸಿಟ್ಟಿದ್ದ ಬಿಸಿನೀರಿನಲ್ಲಿ ಕೈ ನೆನೆಸಿದೆವು. ಎಣ್ಣೆ ಹಚ್ಚಿದೆವು. ಕೆಲಸ ಬಿಟ್ಟು ಹೆಂಗಸರೆಲ್ಲ ಸುತ್ತ ಕೂತು, ಇಂಗೆ ಒತ್ತು, ಅಂಗೆ ಒತ್ತು ಎಂದು ಹೇಳಿಕೊಟ್ಟರು. ಹತ್ತೂ ಬೆರಳು ಮುಗಿದು ಮತ್ತೆ ಮೊದಲಿನಿಂದ ಸುರುವಾಯಿತು. ಕೊನೆಗೆ ಬಲಗೈಯ ಕಿರುಬೆರಳಿಗೆ ಹಸಿರು ಗೀಟು ಬಂತು. ಕೂತಲ್ಲಿಯೇ, ಏಳುವ ಮೊದಲು, ಈ ಸಲ ನಾನೇ ಕೊಂಡು ತಂದಿದ್ದ ಹೊಸ ಪೆನ್ ಡ್ರೈವಿಗೆ ಎರಡು ಸಲ ಇಳಿಸಿಕೊಂಡೆ.

ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಉಂಡಿದ್ದೀಯ ಮಗ?"

ಉಂಡಿರಲಿಲ್ಲ. ಒಂದು ತಟ್ಟೆಯಲ್ಲಿ ಮುದ್ದೆ, ಅವರೆಕಾಳಿನ ಸಾರು ಬಂತು. ಉಂಡು ಕೈ ತೊಳೆದು, ಒಂದು ಗಳಿಗೆ ಕೂತು ಹೊರಡೋಣವೆಂದು ಗೋಣಿಚೀಲದ ರಾಶಿಗೆ ಒರಗಿದೆ. ಬ್ಯಾರನ್ನಿನ ಗೋಡೆ ಬೆನ್ನಿಗೆ ಬೆಚ್ಚಗಿತ್ತು. ಅವರ ಮಾತು ಕೇಳಿಸುತ್ತಲೇ ಇತ್ತು, ಯಾರದೋ ಸೊಸೆಯ ವಿಷಯ. "ಎಬ್ಬಿಸ್ಬೇಡ್ರಮ್ಮಿ, ಮನಿಕ್ಕಳ್ಳಿ ಬುಡಿ," ಎಂದು ಅಜ್ಜಿ ಯಾರಿಗೋ ಹೇಳಿದ್ದು ಕೊನೆಗೆ ಕೇಳಿಸಿದ್ದು. ಎದ್ದಾಗ ಹೊತ್ತು ವಾಲಿತ್ತು. ಗ್ರಾಮ ಲೆಕ್ಕಿಗರು ಕಾದು ಕಾದು ಹೊರಟುಹೋಗಿದ್ದರಂತೆ. ಚಪ್ಪರದ ಕೆಳಗೆ ಕಟ್ಟಿದ ಕಡ್ಡಿಗಳು ಸಾಲಾಗಿ ತೂಗುತ್ತಿದ್ದವು. ನನ್ನ ಚೀಲವನ್ನು ಯಾರೋ ಬಿಸಿಲಿನಿಂದ ಈಚೆಗೆ ಎತ್ತಿಟ್ಟು, ಧೂಳು ಹೋಗದಿರಲೆಂದು ಮೇಲೆ ಒಂದು ಹಳೇ ಸೀರೆ ಹೊದಿಸಿದ್ದರು.